ಕಾರಿನ ವಂಶಾವಳಿ

ನಮ್ಮಪ್ಪ ಇಪ್ಪತ್ತೆರಡು ವರ್ಷ ಒಂದೇ ಕಾರು ಓಡಿಸಿದ. ಕಾರು ಅವನದಲ್ಲ, ತಿ. ನರಸೀಪುರದ ಒಂದು ರೈಸ್‌ಮಿಲ್ಲಿನ ಸಾಹುಕಾರರದು. ಇಂಗ್ಲೆಂಡಿನಲ್ಲಿ ತಯಾರಾದ ಕಪ್ಪು ಕಾರು. ಮುಂದುಗಡೆ ಗರ್ಭಗುಡಿಯ ಬಾಗಿಲುವಾಡದ ಹಾಗೆ ಎತ್ತರದ ಬೆಳ್ಳಿ ಬಣ್ಣದ ಗ್ರಿಲ್, ಅದರ ನೆತ್ತಿಯ ಮೇಲೆ ಕಂಪೆನಿಯ ಲಾಂಛನ. ಒಳಗೆ ಪಾಲಿಷ್ ಹೊಡೆದ ಮರದ ಡ್ಯಾಶ್‌ಬೋರ್ಡು, ಚರ್ಮದ ಸೀಟು. ಕಂಪೆನಿಯ ಹೆಸರನ್ನು ಅಪ್ಪ ಯಾವತ್ತೂ ಪೂರ್ತಿ ಹೇಳಿದವನಲ್ಲ. 'ಕಂಪ್ನಿ' ಅನ್ನುತ್ತಿದ್ದ. ಅವನ ಪಾಲಿಗೆ ಲೋಕದಲ್ಲಿ ಇದ್ದದ್ದು ಒಂದೇ ಕಂಪೆನಿ.

ನಾವಿದ್ದದ್ದು ನಂಜನಗೂಡಿನಲ್ಲಿ, ರೈಲ್ವೆ ಸ್ಟೇಷನ್ನಿನ ಆಚೆ ಬಾಡಿಗೆ ಮನೆ. ಅಮ್ಮ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಅಪ್ಪ ಬೆಳಿಗ್ಗೆ ಬಸ್ಸು ಹತ್ತಿ ನರಸೀಪುರಕ್ಕೆ ಹೋಗಿ, ಕಾರಿನ ಮೇಲಿನ ಹೊಟ್ಟಿನ ಧೂಳು ಒರೆಸಿ, ಮದುವೆ ಇದ್ದರೆ ಅದನ್ನು ಓಡಿಸಿಕೊಂಡು ಮತ್ತೆ ನಂಜನಗೂಡಿಗೇ ಬರುತ್ತಿದ್ದ. ನಂಜನಗೂಡಿನಲ್ಲಿ ಛತ್ರಗಳಿಗೇನು ಕಡಿಮೆ? ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಉಳ್ಳವರ ಮದುವೆಗಳಲ್ಲಿ ಗಂಡು ಆ ಕಾರಿನಿಂದಲೇ ಇಳಿಯಬೇಕಿತ್ತು.

ಜನ ಕಾರಿಗಾಗಿ ಮಾತ್ರ ಬರುತ್ತಿರಲಿಲ್ಲ. ಗಂಡು ಹತ್ತುವ ಮುಂಚೆ ಅಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟು ಕಾರಿನ ವಂಶ ಹೇಳುತ್ತಿದ್ದ. ವಾಲಗದವರು ಅಷ್ಟು ಹೊತ್ತು ಊದುವುದನ್ನು ನಿಲ್ಲಿಸುತ್ತಿದ್ದರು.

"ಕಂಪ್ನಿಯ ಮೂಲಪುರುಸ ಒಬ್ಬ ಕಮ್ಮಾರನ ಮಗ. ಅವ ಮಾಡಿದ ಮೊದಲ್ನೆ ಗಾಡಿ ಕುದ್ರೆ ಸೋಲಿಸ್ತು. ಎರಡ್ನೆ ಗಾಡಿ ಬೆಟ್ಟ ಅತ್ತಿ ಇಳೀತು. ಮೂರ್ನೇದ ಅವರ ರಾಜ್ನೇ ಬಂದು ನಂಗೆ ಬೇಕು ಅಂದ. ಅದೇ ವಂಸದಲ್ಲಿ ಉಟ್ಟಿದ್ದು ಇದು. ಅಡಗಲ್ಲಿ ಬಂತು, ಮದ್ರಾಸಲ್ಲಿ ಇಳೀತು, ಅರಮನೆ ಲಾಯದಲ್ಲಿ ನಿಂತಿತ್ತು, ಅಲ್ಲಿಂದ ನಮ್ಮ ದೊಡ್ಡಬುದ್ಧೀರ ಕೈಗೆ ಬಂತು. ಈಗ ನಿಮ್ಮ ಮನೆ ಬಾಗಿಲಿಗೆ ಬಂದದೆ. ಮದುವಣ್ಣ, ಬಲಗಾಲು ಮಡಗಿ ಅತ್ತಿ."

ದೊಡ್ಡಬುದ್ಧಿ ಅಂದರೆ ಸಾಹುಕಾರರ ತಂದೆ. ಅಪ್ಪನ ಮಾತು ಮುಗಿದರೆ ಹೆಂಗಸರು ಕಾರಿಗೆ ಆರತಿ ಎತ್ತುತ್ತಿದ್ದರು. ಅಪ್ಪನಿಗೆ ಎಲೆ ಅಡಿಕೆ, ಒಂದು ಪಂಚೆ.

ಹೀಗೆ ವಂಶ ಹೇಳುವ ಧಾಟಿ ಅವನು ಹೆಳವರಿಂದ ಕಲಿತದ್ದು. ಅಪ್ಪನ ಊರು ಹೆಡತಲೆ. ಅಲ್ಲಿ ಅಜ್ಜಿ ಮನೆಗೆ ಹೆಳವರು ಎತ್ತಿನ ಜೊತೆ ಬಂದು, ಅಂಗಳದಲ್ಲಿ ನಿಂತು, ನಮ್ಮ ಮುತ್ತಾತನ ಮುತ್ತಾತನವರೆಗೂ ಹೆಸರು ಹೇಳಿ ದವಸ ಹಾಕಿಸಿಕೊಂಡು ಹೋಗುತ್ತಿದ್ದರು. ವಂಶ ಹೇಳುವವನಿಗೆ ಎದುರು ಮಾತಾಡಬಾರದು. ಯಾರಾದರೂ 'ಅದು ಹಂಗಲ್ಲ' ಅಂದುಬಿಟ್ಟರೆ ಹೆಳವ ಪುಸ್ತಕ ಮಡಚುತ್ತಾನೆ, ಆ ಅಂಗಳದಲ್ಲಿ ಮತ್ತೆ ಬಾಯಿ ಬಿಡುವುದಿಲ್ಲ ಅಂತ ಅಜ್ಜಿ ಹೇಳುತ್ತಿದ್ದಳು. ಎಂಟು ವರ್ಷದವಳಿದ್ದಾಗ ನಾನು "ಇದೆಲ್ಲ ನಿಂಗೆ ಹೆಂಗೊತ್ತು?" ಅಂತ ಒಬ್ಬ ಹೆಳವನನ್ನು ಕೇಳಲು ಹೋದೆ. ಅಜ್ಜಿ ಬಾಯಿ ಮೇಲೆ ಹೊಡೆದಳು. ಹೊಡೆತ ಉತ್ತರವಲ್ಲ ಅನ್ನುವುದು ನನಗೆ ಆಗಲೇ ತಿಳಿದಿತ್ತು.

ಮುಂದೆ ಕಾಲೇಜಿನಲ್ಲಿ ಅದೇ ಬುದ್ಧಿಗೆ ಬಹುಮಾನ ಬರತೊಡಗಿತು. ಚರ್ಚಾ ಸ್ಪರ್ಧೆಗೆ ನಮ್ಮನ್ನು ತಯಾರು ಮಾಡುತ್ತಿದ್ದ ಮೇಷ್ಟ್ರು ಮೂರೇ ಪಾಠ ಹೇಳುತ್ತಿದ್ದರು. ಎದುರಾಳಿಯ ಮಾತಿನಲ್ಲಿ ಆಧಾರವಿಲ್ಲದ ವಾಕ್ಯ ಯಾವುದು ಹುಡುಕು. ಅದನ್ನು ಅವನ ಮಾತಲ್ಲೇ ಮತ್ತೆ ಹೇಳು. ಆಮೇಲೆ ಮುರಿ. ಮೂರು ನಿಮಿಷ, ಗಂಟೆ, ಕೊನೆಗೆ ಒಂದು ನಿಮಿಷದ ಮರುವಾದ. ಎರಡು ವರ್ಷದಲ್ಲಿ ನನಗೆ ಅದು ಎಷ್ಟು ರೂಢಿಯಾಯಿತೆಂದರೆ, ಸೊಪ್ಪಿನವಳು 'ಈಗ್ತಾನೆ ಕಿತ್ತಿದ್ದು' ಅಂದರೂ ಒಳಗೆ ಮರುವಾದ ತಯಾರಾಗುತ್ತಿತ್ತು. ಅಮ್ಮ, "ಇವಳ ಕಟ್ಕಳೋನು ವಕೀಲ್ರ ಇಟ್ಕಂಡೇ ಬರಬೇಕು" ಅನ್ನುತ್ತಿದ್ದಳು.

ಒಂದು ಸಲ ಸ್ಪರ್ಧೆಗೆಂದು ಮೈಸೂರಿಗೆ ಹೋದಾಗ, ನಮ್ಮ ಸರದಿ ಮಧ್ಯಾಹ್ನಕ್ಕೆ ಬಿತ್ತು. ಆ ಕಾಲೇಜಿನ ಲೈಬ್ರರಿಯಲ್ಲಿ ಕೂತೆ. ದಪ್ಪನೆಯ ಇಂಗ್ಲಿಷ್ ಪುಸ್ತಕ, ಪ್ರಪಂಚದ ಕಾರು ಕಂಪೆನಿಗಳ ಚರಿತ್ರೆ. ಅದರಲ್ಲಿ ಅಪ್ಪನ ಕಂಪೆನಿಗೆ ಹದಿನಾಲ್ಕು ಪುಟ ಕೊಟ್ಟಿದ್ದರು.

ಮೊದಲ ಪುಟಗಳು ಅಪ್ಪನ ಕತೆಗೆ ತೀರ ದೂರವಿರಲಿಲ್ಲ. ಸಣ್ಣ ಷೆಡ್ಡಿನಲ್ಲಿ ಶುರುಮಾಡಿದ ಒಬ್ಬ ಮನುಷ್ಯ, ಪಂದ್ಯ ಗೆದ್ದ ಕಾರುಗಳು, ಟೋಪಿ ಹಾಕಿದ ಶ್ರೀಮಂತರು. ಐದಾರು ಪುಟ ಆದ ಮೇಲೆ ಸಾಲ ಬಂತು. ಕಂಪೆನಿಯನ್ನು ಇನ್ನೊಬ್ಬರು ಕೊಂಡರು. ಅವರನ್ನೂ ಮತ್ತೊಬ್ಬರು ಕೊಂಡರು. ಕೊನೆಯವರು ಮಾಡುತ್ತಿದ್ದದ್ದು ಗುಮಾಸ್ತರು, ಡಾಕ್ಟರುಗಳು ಓಡಿಸುವ ಸಾಧಾರಣ ಕಾರು. ಅವರು ಒಂದು ಉಪಾಯ ಮಾಡಿದರು. ಅದೇ ಸಾಧಾರಣ ಕಾರಿಗೆ ಹಳೇ ಕಂಪೆನಿಯ ಎತ್ತರದ ಗ್ರಿಲ್ ಕೂರಿಸಿ, ಒಳಗೆ ಮರದ ಹಲಗೆ ಬಡಿದು, ಹಳೇ ಹೆಸರಲ್ಲೇ ಹೆಚ್ಚಿನ ಬೆಲೆಗೆ ಮಾರಿದರು. ಹನ್ನೆರಡನೇ ಪುಟದಲ್ಲಿ ಒಂದು ಫೋಟೋ. ನರಸೀಪುರದ ಕಾರೇ. ಪಕ್ಕದಲ್ಲಿ ಅದರ ಸಾಧಾರಣ ಜೋಡಿ. ಗ್ರಿಲ್ ಮುಚ್ಚಿ ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ನಾನು ಕೈಯಿಂದ ಮುಚ್ಚಿಯೇ ನೋಡಿದೆ.

ಅರಮನೆಯ ಮಾತು ಮುರಿಯುವುದಕ್ಕೆ ಪುಸ್ತಕವೂ ಬೇಕಿರಲಿಲ್ಲ. ಕಾರಿನ ಆರ್.ಸಿ. ಪುಸ್ತಕವನ್ನು ಇನ್ಶೂರೆನ್ಸಿಗಾಗಿ ಅಪ್ಪ ಒಂದು ಸಲ ಮನೆಗೆ ತಂದಿದ್ದ. ಅದರಲ್ಲಿ ಮೊದಲ ಮಾಲೀಕ ಊಟಿ ಕಡೆಯ ಟೀ ತೋಟದ ಒಬ್ಬ ಮ್ಯಾನೇಜರು. ಎರಡನೆಯ ಹೆಸರೇ ದೊಡ್ಡಬುದ್ಧಿಯವರದು. ನಡುವೆ ಯಾವ ಅರಮನೆಯೂ ಇಲ್ಲ.

ನೋಟ್ಸ್ ಮಾಡಿಕೊಂಡೆ. ಆ ಮಧ್ಯಾಹ್ನದ ವಿಷಯ 'ವಿದೇಶಿ ಕಂಪೆನಿಗಳು ದೇಶಕ್ಕೆ ಹಿತವೇ'. ಹೆಸರಿಗೆ ಬೆಲೆ, ವಸ್ತುವಿಗಲ್ಲ ಅನ್ನುವುದಕ್ಕೆ ಆ ಕಾರನ್ನೇ ಉದಾಹರಣೆ ಕೊಟ್ಟೆ. ಶೀಲ್ಡ್ ಬಂತು. ಮನೆಯಲ್ಲಿ ಅಪ್ಪ ಅದನ್ನು ಪಂಚೆಯ ತುದಿಯಿಂದ ಒರೆಸಿ, "ಏನಂತ ಮಾತಾಡ್ದೆ ಮಗಾ?" ಅಂದ. "ಕಂಪೆನಿಗಳ ಬಗ್ಗೆ" ಅಂದೆ. ಸುಳ್ಳಲ್ಲ. ಕಂಪೆನಿಯ ಚರಿತ್ರೆ ಓದಿದೆ ಅಂತ ಅಮ್ಮನಿಗೆ ಮಾತ್ರ ಹೇಳಿದೆ, ಅದರಲ್ಲೇನಿತ್ತು ಅಂತ ಹೇಳಲಿಲ್ಲ.

ಅದಾದ ಮೇಲೆ ಎರಡು ಸಾವಿರದ ಇಸವಿ ದಾಟಿತು. ಮದುವೆಯವರು ಎ.ಸಿ. ಇರುವ ಬಿಳಿ ಕಾರು ಕೇಳತೊಡಗಿದರು. ನಮ್ಮ ಕಪ್ಪು ಕಾರು ವರ್ಷಕ್ಕೆ ನಾಲ್ಕೋ ಐದೋ ಸಲ ಷೆಡ್ಡಿನಿಂದ ಹೊರಗೆ ಬರುತ್ತಿತ್ತು. ಸಾಹುಕಾರರು ಮಾರುವುದಕ್ಕೆ ತೀರ್ಮಾನ ಮಾಡಿದರು. ಬೆಂಗಳೂರಿನ ಆಚೆ ರೆಸಾರ್ಟ್ ಇಟ್ಟುಕೊಂಡ ಒಬ್ಬರು, ಹಳೇ ಕಾರು ಕೂಡಿಹಾಕುವ ಹುಚ್ಚಿನವರು, ಬಂದು ನೋಡುತ್ತೇನೆ ಅಂದರು. ಫೋನಿನಲ್ಲಿ ಅವರು ಇನ್ನೊಂದು ಮಾತನ್ನೂ ಹೇಳಿದ್ದರು. ಕಾರಿನ ಜೊತೆ ಅದನ್ನು ನೋಡಿಕೊಂಡವರೂ ಬರುವುದಾದರೆ ಒಳ್ಳೆಯದು, ಇರುವುದಕ್ಕೆ ಕೋಣೆ ಕೊಡುತ್ತೇನೆ.

ಅಪ್ಪನಿಗೆ ಐವತ್ಮೂರು. ಬೇರೆ ಗಾಡಿ ಓಡಿಸಿ ನೋಡಿದ್ದ. ಸಾಹುಕಾರರ ಮಗನ ಹೊಸ ಕಾರನ್ನು ಎರಡು ಸಲ ಮಿಲ್ಲಿನ ಗೋಡೆಗೆ ಒರೆಸಿ, ಮೂರನೇ ಸಲ ಕೀ ಮುಟ್ಟಬೇಡ ಅನ್ನಿಸಿಕೊಂಡಿದ್ದ. ಆ ಕಾರು ಹೋದರೆ ಅದರ ಜೊತೆ ಹೋಗಬೇಕು. ಇಲ್ಲವಾದರೆ ಅವನು ಇನ್ನು ಡ್ರೈವರ್ ಅಲ್ಲ. ಇಷ್ಟೇ ಲೆಕ್ಕ. ಅಮ್ಮ ಮಾತ್ರ ತಕರಾರು ತೆಗೆದಳು.

"ಅಲ್ಲಿ ನಿಮಗೆ ಮುದ್ದೆ ಯಾರು ತಿರುವಿಕ್ಕತಾರೆ?"

"ನಾನೇ ತಿರುವ್ಕತೀನಿ ಬುಡು. ಸ್ಟೇರಿಂಗ್ ತಿರುಗ್ಸೋನ್ಗೆ ಅದೇನ್ ಕಷ್ಟ?"

ಹೀಗಂದು ಅಪ್ಪ ನಕ್ಕ.

ಆ ಭಾನುವಾರ ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ಬರುವವರು ಇಂಗ್ಲಿಷ್ ಮಾತಾಡಿದರೆ ಇರಲಿ ಅಂತ ಸಾಹುಕಾರರೇ ಹೇಳಿಕಳಿಸಿದ್ದರು. ಕಾರನ್ನು ಮಿಲ್ಲಿನ ಅಂಗಳದಲ್ಲಿ, ಭತ್ತ ಒಣಗಿಸುವ ಸಿಮೆಂಟು ಕಣದ ನಡುವೆ ನಿಲ್ಲಿಸಿದ್ದರು. ಅಪ್ಪ ಗ್ರಿಲ್ಲಿನ ಒಂದೊಂದು ಕಡ್ಡಿಯನ್ನೂ ಹಲ್ಲುಪುಡಿ ಹಚ್ಚಿ ಬೆಳಗಿದ್ದ. ರೆಸಾರ್ಟಿನವರು ಒಬ್ಬರೇ ಬಂದರು. ನಲವತ್ತರ ಆಸುಪಾಸು, ಒಳ್ಳೆಯ ಕನ್ನಡ. ಕಾರನ್ನು ಒಂದು ಸುತ್ತು ನೋಡಿದರು, ಬಗ್ಗಿ ಕೆಳಗೆ ನೋಡಿದರು.

"ಹೇಳಪ್ಪ, ಸಾಹೇಬ್ರಿಗೆ ಹೇಳು" ಅಂದರು ಸಾಹುಕಾರರು.

ಅಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟ. ಕಮ್ಮಾರನ ಮಗನಿಂದ ಶುರುಮಾಡಿದ. ಕುದುರೆ, ಬೆಟ್ಟ, ರಾಜ, ಹಡಗು, ಅರಮನೆ ಲಾಯ. ರೆಸಾರ್ಟಿನವರು ಕೈಕಟ್ಟಿ ಪೂರ್ತಿ ಕೇಳಿದರು. ಮುಖದಲ್ಲಿ ಸಣ್ಣ ನಗು. ಮದುವಣ್ಣ ಹತ್ತಿ ಅನ್ನುವ ಜಾಗದಲ್ಲಿ ಅಪ್ಪ, "ಸಾಹೇಬ್ರು ಅತ್ತಬೇಕು" ಅಂದ. ಅವರು ಜೋರಾಗಿ ನಕ್ಕರು.

"ಚೆನ್ನಾಗಿ ಹೇಳ್ತೀರಿ. ನಮ್ಮಲ್ಲೂ ಮದುವೆ ನಡೀತಾವೆ. ಹೀಗೇ ಹೇಳಿದ್ರೆ ಸಾಕು."

ಸಾಹುಕಾರರಿಗೆ ಹುಮ್ಮಸ್ಸು ಬಂತು. ಸುಮ್ಮನಿರಲಿಲ್ಲ. "ಇವಳು ಇವನ ಮಗಳು ಸಾರ್. ಚರ್ಚಾ ಸ್ಪರ್ಧೆ ಅಂದ್ರೆ ಇಡೀ ಜಿಲ್ಲೇಲಿ ಎತ್ತಿದ ಕೈ. ಇದೇ ಕಂಪೆನಿ ಚರಿತ್ರೆ ಓದ್ಕೊಂಡವಳಂತೆ, ಅವರಮ್ಮ ಹೇಳ್ತಿದ್ಲು. ಹೇಳಮ್ಮ, ಇಂಗ್ಲಿಷಲ್ಲೇ ಬೇಕಾದ್ರೆ ಹೇಳು."

ಇಲ್ಲಿ ನನ್ನ ಪರವಾಗಿ ಒಂದು ವಾದ ಇದೆ. ಕೊಂಡ ಮೇಲೆ ಆ ಮನುಷ್ಯನಿಗೆ ನಿಜ ಗೊತ್ತಾದರೆ ಕಾರನ್ನೂ ಅಪ್ಪನನ್ನೂ ಒಟ್ಟಿಗೇ ವಾಪಸು ಕಳಿಸುತ್ತಾನೆ. ಮೊದಲೇ ಹೇಳಿಬಿಡುವುದು ಅಪ್ಪನಿಗೇ ಕ್ಷೇಮ. ಈ ವಾದವನ್ನು ನಾನು ಆಮೇಲೆ ಎಷ್ಟೋ ಸಲ ಹೂಡಿದ್ದೇನೆ, ಗಟ್ಟಿಯಾಗಿಯೇ ನಿಲ್ಲುತ್ತದೆ. ತೊಂದರೆ ಏನೆಂದರೆ, ಆ ಹೊತ್ತಿಗೆ ಇದು ನನ್ನ ತಲೆಯಲ್ಲಿ ಇರಲಿಲ್ಲ. ಇದ್ದದ್ದು, ಆಧಾರವಿಲ್ಲದ ನಾಲ್ಕು ವಾಕ್ಯ ಈಗಷ್ಟೇ ಕಣದಲ್ಲಿ ಬಿದ್ದಿವೆ ಅನ್ನುವುದು.

ಮಾತಾಡಿದೆ. ಕನ್ನಡದಲ್ಲೇ. ಕಂಪೆನಿ ಶುರುಮಾಡಿದವನು ಅದನ್ನು ಕಳೆದುಕೊಂಡದ್ದು, ಎರಡು ಸಲ ಮಾರಾಟವಾದದ್ದು, ಸಾಧಾರಣ ಕಾರಿಗೆ ಹಳೇ ಮುಖ ಕೂರಿಸಿದ್ದು. 'ಅದೇ ವಂಶದಲ್ಲಿ ಹುಟ್ಟಿದ್ದು ಅಂದರು, ಹುಟ್ಟಿದ್ದು ಬೇರೆ ಕಾರ್ಖಾನೆಯಲ್ಲಿ. ಅರಮನೆ ಲಾಯ ಅಂದರು, ಆರ್.ಸಿ.ಯಲ್ಲಿ ಇರುವುದು ಟೀ ತೋಟ.' ನಡುವೆ ಅಪ್ಪ ಒಂದು ಸಲ, "ಸುಮ್ನಿರವ್ವ" ಅಂದ. ಮೆಲ್ಲಗೆ ಅಂದ. ಎದುರಾಳಿ ಮಧ್ಯೆ ಬಾಯಿ ಹಾಕಿದರೆ ನಿಲ್ಲಿಸಬಾರದು ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು. ನಿಲ್ಲಿಸಲಿಲ್ಲ. ಮೂರು ನಿಮಿಷದೊಳಗೇ ಮುಗಿಸಿದೆ ಅನ್ನಿಸುತ್ತದೆ. ಗಂಟೆ ಬಾರಿಸುವವರು ಇರಲಿಲ್ಲ.

ಸಾಹುಕಾರರು ಕಣದ ಆಚೆ ಎಲ್ಲೋ ನೋಡುತ್ತಿದ್ದರು. ರೆಸಾರ್ಟಿನವರಿಗೆ ಮಾತ್ರ ಆಶ್ಚರ್ಯವಾಗಿರಲಿಲ್ಲ.

"ಸರಿಯಾಗಿ ಓದಿದ್ದೀರಮ್ಮ. ಗೇಟಲ್ಲಿ ಇಳಿದಾಗಲೇ ನನಗೆ ಗೊತ್ತಾಯ್ತು. ಇದೇ ಮಾದರಿದು ಇನ್ನೊಂದು ನನ್ನ ಷೆಡ್ಡಲ್ಲಿದೆ."

"ಮತ್ತೆ ಯಾಕೆ ಸುಮ್ಮನಿದ್ರಿ?" ಅಂದೆ.

"ಕೇಳೋಕೆ ಚೆನ್ನಾಗಿತ್ತು."

ಅವರು ಅಪ್ಪನ ಕಡೆ ತಿರುಗಿದರು. "ನೋಡಿ ಯಜಮಾನ್ರೆ, ನನಗೆ ಇದೆಲ್ಲ ಲೆಕ್ಕಕ್ಕಿಲ್ಲ. ಬಂದವರು ಕತೆ ಕೇಳಿ ಖುಷಿಪಡ್ತಾರೆ, ಫೋಟೋ ಹೊಡಿಸ್ಕೋತಾರೆ. ನೀವು ಈಗ ಹೇಳಿದ ಹಾಗೇ ಅಲ್ಲೂ ಹೇಳ್ತೀರಿ ತಾನೆ?"

ಒಂದು 'ಹೂಂ' ಸಾಕಿತ್ತು. ಸಾಹುಕಾರರು, "ಹೇಳ್ತಾನೆ ಬಿಡಿ ಸಾರ್" ಅಂದೂಬಿಟ್ಟರು. ಅಪ್ಪ ಬಾನೆಟ್ಟಿನ ಮೇಲಿಂದ ಕೈ ತೆಗೆದ.

"ಇಲ್ಲ ಸಾ. ಏಳಕಾಗಲ್ಲ."

"ಯಾಕ್ರೀ? ನಿಮ್ಮ ಮಗಳು ಅಲ್ಲಿಗೆ ಬರಲ್ವಲ್ಲ!"

"ಎದ್ರುಗೆ ನಿಂತು ಅಂಗಲ್ಲ ಅಂದ್ಬುಟ್ರಲ್ಲ ಸಾ. ಒಂದ್ಸಲ ಅಂದ್ಮೇಲೆ ಮುಗೀತು. ಗಾಡಿ ಬೇಕಾದ್ರೆ ಓಡುಸ್ತೀನಿ. ವಂಸ ಏಳಲ್ಲ."

"ಅಲ್ಲಯ್ಯ, ಸುಳ್ಳೋ ನಿಜವೋ ನಿನಗ್ಯಾಕಯ್ಯ?" ಸಾಹುಕಾರರು ರೇಗಿದರು. "ಬಾಯಿಪಾಠ ಒಪ್ಪಿಸೋಕೇನು ದಾಡಿ?"

"ಬುದ್ಧೀ, ಇದುವರ್ಗೂ ಅದು ಸುಳ್ಳು ಅಂತ ನಂಗೊತ್ತಿರ್ನಿಲ್ಲ."

ನಾನು ಅಷ್ಟು ವರ್ಷ ಅಂದುಕೊಂಡದ್ದು, ಅಪ್ಪನಿಗೆ ಗೊತ್ತು, ಗೊತ್ತಿದ್ದೇ ಹೇಳುತ್ತಾನೆ ಅಂತ. ಆರ್.ಸಿ. ಪುಸ್ತಕ ಇಂಗ್ಲಿಷಿನಲ್ಲಿತ್ತು. ಅಪ್ಪ ಓದಿದ್ದು ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಇಷ್ಟು ಸಣ್ಣ ಸಂಗತಿಯನ್ನು ನಾನು ಜೋಡಿಸಿ ನೋಡಿರಲಿಲ್ಲ. ಆ ಕತೆ ಅವನಿಗೆ ಹೇಳಿಕೊಟ್ಟವರು ದೊಡ್ಡಬುದ್ಧಿಯವರು.

ರೆಸಾರ್ಟಿನವರು ಕಾರಿನ ಮುಂದೆ ಬಂದು ಗ್ರಿಲ್ಲನ್ನು ಬೆರಳಿನಿಂದ ತಟ್ಟಿದರು. ಕತೆ ಇಲ್ಲದ ಮೇಲೆ ಅದೇ ಮಾದರಿಯ ಎರಡನೇ ಕಾರು ಅವರಿಗೆ ಯಾಕೆ? ಅವರ ಷೆಡ್ಡಿನ ಕಾರಿನ ಮುಂಭಾಗ ಗುದ್ದಿ ಹಾಳಾಗಿತ್ತಂತೆ. ಗ್ರಿಲ್ಲೂ ಲಾಂಛನವೂ ಮಾತ್ರ ಸಾಕು ಅಂದರು. ಸಾಹುಕಾರರು ಒಪ್ಪಿಕೊಂಡರು.

ಬಿಚ್ಚುವ ಕೆಲಸ ಅಪ್ಪನೇ ಮಾಡಿದ. ಆ ಕಾರಿಗೆ ಇಂಚಿನ ಅಳತೆಯ ಸ್ಪ್ಯಾನರುಗಳೇ ಆಗಬೇಕು, ಅವು ಇದ್ದದ್ದು ಅವನ ಹತ್ತಿರ ಮಾತ್ರ. ನಟ್ಟುಗಳಿಗೆ ಸೀಮೆಎಣ್ಣೆ ಬಿಟ್ಟು ಕಾದ. ಎರಡು ಸಡಿಲವಾದವು, ಒಂದಕ್ಕೆ ಸುತ್ತಿಗೆ ಬೇಕಾಯಿತು. ಹೊಡೆಯುವಾಗ ಗೀರು ಬೀಳದಿರಲಿ ಅಂತ ನಡುವೆ ಬಟ್ಟೆ ಕೊಟ್ಟ. ನಾನು ಒಂದು ಬದಿ ಹಿಡಿದುಕೊಂಡೆ. ಅಂದುಕೊಂಡದ್ದಕ್ಕಿಂತ ಹಗುರವಿತ್ತು. ಗೋಣಿತಾಟಿನಲ್ಲಿ ಸುತ್ತಿ ಅವರ ಗಾಡಿಯ ಹಿಂದಿನ ಸೀಟಿನಲ್ಲಿ ಮಲಗಿಸಿದ.

"ಎಡಗಡೆ ಕ್ಲಿಪ್ಪು ಸಡ್ಲ ಅದೆ ಸಾ. ಒಂದ್ ಚೂರು ರಬ್ಬರ್ ಕೊಟ್ಟು ಕೂರ್ಸಿ. ಇಲ್ದಿದ್ರೆ ಅದುರ್ತದೆ."

"ಆಗಲಿ" ಅಂದರು ಅವರು.

ಆಮೇಲೆ ಅಪ್ಪ ಕಾರು ಸ್ಟಾರ್ಟ್ ಮಾಡಿ ಷೆಡ್ಡಿಗೆ ತೆಗೆದುಕೊಂಡು ಹೋದ. ಎದುರಿನಿಂದ ನೋಡಿದರೆ ಬರಿಯ ರೇಡಿಯೇಟರು, ಒಂದು ಹಾರನ್ನು, ನಾಲ್ಕು ವೈರು. ಸದ್ದು ಮಾತ್ರ ಎಂದಿನಂತೆಯೇ ಇತ್ತು.

ನಂಜನಗೂಡಿನ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಕೈಯಲ್ಲಿ ಸೀಮೆಎಣ್ಣೆ ವಾಸನೆ. ಅಪ್ಪ ಬಯ್ಯಲಿಲ್ಲ. ಬಯ್ದರೆ ಉತ್ತರ ಕೊಡಬಹುದಿತ್ತು. ಸುಮಾರು ದೂರ ಬಂದ ಮೇಲೆ ಕೇಳಿದ:

"ಆ ಪುಸ್ತಕದಲ್ಲಿ, ಮೊದಲ್ನೋನು ಇದ್ನಲ್ಲ, ಕಂಪ್ನಿ ಶುರುಮಾಡ್ದೋನು. ಕಂಪ್ನಿ ಕೈಬಿಟ್ಟೋದ್ಮೇಲೆ ಅವ ಏನ್ಮಾಡ್ದ?"

"ಗೊತ್ತಿಲ್ಲ ಅಪ್ಪ. ಬರ್ಕೊಂಡಿಲ್ಲ."

"ಪುಸ್ತಕದಲ್ಲಿ ಇತ್ತಾ?"

"ಇತ್ತು ಅನ್ಸುತ್ತೆ."

"ಓ."

ಅರ್ಧ ಪುಟ ಇತ್ತು. ಅದು ನನಗೆ ಚೆನ್ನಾಗಿ ನೆನಪಿದೆ. ಆ ಅರ್ಧ ಪುಟದಿಂದ ಯಾವ ವಾದಕ್ಕೂ ಉಪಯೋಗವಿಲ್ಲ ಅಂತ ತಿರುವಿಹಾಕಿದ್ದೆ.

ಸಾಹುಕಾರರು ಅಪ್ಪನನ್ನು ಕೆಲಸದಿಂದ ಬಿಡಿಸಲಿಲ್ಲ. ಮಿಲ್ಲಿನಲ್ಲೇ ಅಕ್ಕಿ ಚೀಲ ಹೊಲಿಯುವುದಕ್ಕೆ ಹಾಕಿದರು. ಇಂದಿಗೂ ಅದೇ ಕೆಲಸ. ಕಾರು ಷೆಡ್ಡಿನಲ್ಲಿ ಖಾಲಿ ಚೀಲಗಳ ಹಿಂದೆ ನಿಂತಿದೆ, ಕೊಳ್ಳುವವರು ಬಂದಿಲ್ಲ. ಮಾತಾಡುವುದನ್ನು ನಾನೂ ಬಿಡಲಿಲ್ಲ. ಆ ತಿಂಗಳು ಎರಡು ಸ್ಪರ್ಧೆಗೆ ಹೋದೆ. ಒಂದರಲ್ಲಿ ಪರ, ಒಂದರಲ್ಲಿ ವಿರೋಧ. ಎರಡರಲ್ಲೂ ಬಹುಮಾನ ಬಂತು.

ಗ್ರಿಲ್ ಬಿಚ್ಚುವ ಮುಂಚೆಯೇ, ಚಿಕ್ಕಯ್ಯನಛತ್ರ ಅನ್ನುವ ಊರಿನ ಕಡೆಯ ಒಂದು ಮದುವೆಗೆ ಕಾರನ್ನು ಹೇಳಿಟ್ಟಿದ್ದರು. ಆ ವಾರವೇ, ಕಾರು ಬರುವುದಿಲ್ಲ ಅಂತ ಹೇಳಿ ಬರಲು ಅಪ್ಪ ಹೊರಟ. ನಾನೂ ಹೋದೆ. ಗಂಡಿನ ತಂದೆ ಚಪ್ಪರದ ಕೆಲಸ ಬಿಟ್ಟು ಬಂದರು.

"ಏನಣ್ಣೋ, ಗಾಡಿ ಕೆಟ್ಟೋಗದಾ?"

"ಗಾಡಿ ಚೆನ್ನಾಗದೆ."

"ಮತ್ತೆ ನಿಂಗೇ ಉಸಾರಿಲ್ವಾ?"

"ನಾನೂ ಚೆನ್ನಾಗಿವ್ನಿ."

"ಮತ್ತಿನ್ನೇನ್ಲಾ ಕಾಯಿಲೆ? ನಮ್ಮಣ್ಣನ ಮದ್ವೇಲಿ ಏಳ್ದಂಗೆ ನಮ್ಮುಡುಗನ್ಗೂ ಏಳ್ತಿಯ ಅಂತ ಊರ್ಗೆಲ್ಲ ಸಾರಿವ್ನಿ!"

ಅಪ್ಪ ಚಪ್ಪರದ ಗಳಗಳನ್ನು ನೋಡುತ್ತಾ ನಿಂತ. ಆ ಯಜಮಾನರು ಕಾರಣಕ್ಕಾಗಿ ನನ್ನ ಮುಖ ನೋಡಿದರು. ಕಾರಣ ನನ್ನ ಹತ್ತಿರ ಇತ್ತು, ಆಧಾರ ಸಮೇತ ಇತ್ತು. ಹೇಳಲಿಲ್ಲ. ಒಳಗಿನಿಂದ ಒಬ್ಬ ಹೆಂಗಸು, ಬಿಸಿಲಲ್ಲಿ ಬಂದಿದ್ದೀರಿ, ಕುಂತ್ಕಳಿ ಅಂತ ಎರಡು ಲೋಟ ಮಜ್ಜಿಗೆ ತಂದುಕೊಟ್ಟಳು. ಕೂತು ಕುಡಿದೆವು.